ಉಪ್ಪಿನ ಗಣಿಗೆ ನೀರು ನುಗ್ಗಿದರೆ ಗಣಿಯೇ ಕರಗಿ ಹೋಗುವುದಿಲ್ವಾ?

ತಿಪಟೂರು_ತೆಂಗು:

ಎಲ್ಲರಿಗೂ ನಮಸ್ಕಾರ. ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ.

ಅಮ್ಮ ಏಕಾದಶಿ ದಿನ ಮಾಮೂಲಿ ಉಪ್ಪು ಮುಟ್ಟುವುದಿಲ್ಲ, ಸೈಂಧವ ಲವಣ ಮಾತ್ರ. ಹೋದ ತಿಂಗಳು ಅಂಗಡಿಗೆ ಹೋದರೆ ಪ್ಯಾಕೆಟ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಕೇಳಿದರೆ "ಮಾಲು ಬರುತ್ತಿಲ್ಲ ಸಾರ್" ಅಂದರು. ಮಾಲು ಎಲ್ಲಿಂದ ಬರಬೇಕಿತ್ತು ಅಂತ ಹುಡುಕುತ್ತಾ ಹೋದವನು ರಾತ್ರಿ ಒಂದು ಗಂಟೆವರೆಗೆ ಉಪ್ಪಿನ ಗಣಿಗಳ ವಿಡಿಯೋ ನೋಡಿದೆ. ಪಾಕಿಸ್ತಾನದ ಖೇವ್ರಾ, ಪೋಲೆಂಡಿನ ವಿಯೆಲಿಚ್ಕಾ, ಇನ್ನೂ ಏನೇನೋ. ಅಲ್ಲಿವರೆಗೂ ಉಪ್ಪು ಅಂದರೆ ಸಮುದ್ರ, ಮಡಿ, ಬಿಸಿಲು, ಇಷ್ಟೇ ಅಂದುಕೊಂಡಿದ್ದೆ. ನೆಲದೊಳಗೆ ನೂರಾರು ಮೀಟರ್ ಕೆಳಗೆ ಹೋಗಿ ಕಲ್ಲು ಒಡೆದ ಹಾಗೆ ಉಪ್ಪು ಒಡೆಯುತ್ತಾರೆ ಅಂತ ಗೊತ್ತೇ ಇರಲಿಲ್ಲ.

ನನಗೆ ತಲೆಗೆ ಹತ್ತದ್ದು ಇದು. ಒಂದು ಲೋಟ ನೀರಿಗೆ ಹಾಕಿದರೆ ಕರಗುವ ವಸ್ತು. ಅದರಲ್ಲೇ ಸುರಂಗ ಕೊರೆದು, ಅದರದೇ ಕಂಬ ಬಿಟ್ಟು, ಅದರ ಕೆಳಗೆ ಜನ ಕೆಲಸ ಮಾಡುತ್ತಾರೆ. ಮಳೆನೀರೋ ಅಂತರ್ಜಲವೋ ನುಗ್ಗಿದರೆ ಏನು ಗತಿ? ಹಿಂದಿನವರು ಪಂಪಿಲ್ಲದೆ ಯಂತ್ರವಿಲ್ಲದೆ ಹೇಗೆ ತೆಗೆಯುತ್ತಿದ್ದರು, ಈಗ ಹೇಗೆ ತೆಗೆಯುತ್ತಾರೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಕುಮಟಾ_ಗಾಳಿ:

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಎಲ್ಲರೂ ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ. ನಮ್ಮ ಕಡೆ ಕಲ್ಲುಪ್ಪು ಅನ್ನುವುದು ಗಣಿ ಉಪ್ಪಲ್ಲ ಮಾರಾಯ್ರೆ. ಅದು ಸಮುದ್ರದ್ದೇ, ಹರಳು ದಪ್ಪ ಅಷ್ಟೆ. ನಮ್ಮ ಸಾಣಿಕಟ್ಟೆಯ ಆಗರದಲ್ಲಿ ಮಡಿಗೆ ನೀರು ಬಿಟ್ಟು ಬಿಸಿಲಿಗೆ ಒಣಗಿಸಿ ಎಳೆಯುವುದೂ ಕಲ್ಲುಪ್ಪೇ. ಇಂಗ್ಲಿಷಿನ ರಾಕ್ ಸಾಲ್ಟನ್ನು ಯಾರೋ ಕಲ್ಲುಪ್ಪು ಅಂತ ಬರೆದರು, ಅಲ್ಲಿಂದ ಶುರುವಾಯಿತು. ಸೈಂಧವ ಅಂದರೆ ಸಿಂಧು ದೇಶದ್ದು, ಹೆಸರಲ್ಲೇ ವಿಳಾಸ ಇದೆ.

ಬೆಲೆ ಏರಿದ್ದಕ್ಕೆ ಕಾರಣ ಗುಟ್ಟೇನಲ್ಲ. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ಆದ ಮೇಲೆ ಪಾಕಿಸ್ತಾನದ ಸಾಮಾನಿಗೆಲ್ಲ 200 ಪರ್ಸೆಂಟ್ ಸುಂಕ ಹಾಕಿದರು. 2025ರ ಮೇ ತಿಂಗಳಿಂದ ನೇರವಾಗಿಯೂ ಸುತ್ತು ಹಾಕಿಯೂ ತರುವ ಹಾಗಿಲ್ಲ ಅಂತ ಪೂರ್ತಿ ನಿಲ್ಲಿಸಿದರು. ಭಾರತದಲ್ಲಿ ನೆಲದೊಳಗಿನ ಉಪ್ಪಿನ ಗಣಿ ಇರುವುದು ಹಿಮಾಚಲದ ಮಂಡಿ ಜಿಲ್ಲೆಯ ದ್ರಂಗ್ ಮತ್ತು ಗುಮ್ಮಾ ಕಡೆ ಮಾತ್ರ. ಅಲ್ಲಿಯದು ಮಣ್ಣು ಬೆರೆತ ಮಾಸಲು ಉಪ್ಪು, ದನಗಳಿಗೆ ನೆಕ್ಕಲು ಇಡುವುದು ಅದನ್ನೇ. ಗುಲಾಬಿ ಬಣ್ಣದ್ದು ಬೇಕೆಂದರೆ ಖೇವ್ರಾ ಕಡೆಗೇ ನೋಡಬೇಕು.

ಗಣಿಯ ಒಳಗಿನದು ನನಗೆ ಗೊತ್ತಿಲ್ಲ. ಹಟ್ಟಿ ಅಣ್ಣ ಬರಲಿ.

ಹಟ್ಟಿ_ಕೇಜ್:

ಬಂದೆ ನೋಡ್ರಿ. ನಾನು ಚಿನ್ನದ ಗಣಿಯವನು, ಉಪ್ಪಿನ ಗಣಿಯಲ್ಲಿ ದುಡಿದವನಲ್ಲ. ಆದರೆ ಡಿಪ್ಲೊಮಾದಲ್ಲಿ ಓದಿದ್ದೇನೆ, ಅಲ್ಲಿಂದ ಇದರ ಹುಚ್ಚು ಹಿಡಿದಿದೆ.

ಮೊದಲು ಕಂಬದ ವಿಷಯ. ಖೇವ್ರಾದಲ್ಲಿ ಹಳೆ ಕಾಲದಲ್ಲಿ ಎಲ್ಲಿ ಒಳ್ಳೆ ಉಪ್ಪು ಕಂಡಿತೋ ಅಲ್ಲಿ ಇಲಿ ಬಿಲ ತೋಡಿದ ಹಾಗೆ ತೋಡಿಕೊಂಡು ಹೋಗುತ್ತಿದ್ದರು. ಲೆಕ್ಕವಿಲ್ಲ, ನಕ್ಷೆಯಿಲ್ಲ. ಬ್ರಿಟಿಷರ ಕಾಲದಲ್ಲಿ, 1872ರಲ್ಲಿ, ವಾರ್ತ್ ಅನ್ನುವ ಗಣಿ ಎಂಜಿನಿಯರ್ ನೆಲಮಟ್ಟದಲ್ಲೇ ದೊಡ್ಡ ಸುರಂಗ ಹಾಕಿ ಕೆಲಸಕ್ಕೆ ಒಂದು ಶಿಸ್ತು ತಂದ. ಅಲ್ಲಿಯ ನಿಯಮ ಸುಲಭ, ಅರ್ಧ ತೆಗಿ ಅರ್ಧ ಬಿಡು. ತೆಗೆದ ಜಾಗ ಕೋಣೆ, ಬಿಟ್ಟ ಜಾಗ ಕಂಬ. ಇವತ್ತಿಗೂ ಅದೇ ನಡೆದಿದೆ. ಅಂದರೆ ಕಣ್ಣೆದುರಿಗೆ ಇರುವ ಉಪ್ಪಿನಲ್ಲಿ ಅರ್ಧ ಯಾವತ್ತಿಗೂ ಮುಟ್ಟುವ ಹಾಗಿಲ್ಲ. ಮಾಲೀಕನಿಗೆ ಹೊಟ್ಟೆ ಉರಿಯುತ್ತದೆ, ಆದರೆ ಬೆಟ್ಟ ತಲೆ ಮೇಲೆ ಬೀಳುವುದಿಲ್ಲ.

ಉಪ್ಪು ನಮ್ಮ ಹಟ್ಟಿ ಕಲ್ಲಿನಂಥದ್ದಲ್ಲ. ನಮ್ಮದು ಗಟ್ಟಿ ಕಲ್ಲು. ಕೆಜಿಎಫ್‌ನಲ್ಲಿ 3 ಕಿಲೋಮೀಟರಿಗಿಂತ ಕೆಳಗೆ ಹೋದಾಗ ಕಲ್ಲು ಒತ್ತಡ ತಡೆದು ತಡೆದು ಒಮ್ಮೆಲೇ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಅಂದರೆ ಅಲ್ಲಿಯ ಹಳಬರು ಈಗಲೂ ಸುಮ್ಮನಾಗುತ್ತಾರೆ. ಉಪ್ಪಿಗೆ ಆ ಸಿಟ್ಟು ಕಡಿಮೆ. ಅದು ಒತ್ತಡ ಬಿದ್ದರೆ ಬಹಳ ಬಹಳ ನಿಧಾನಕ್ಕೆ ಹರಿಯುತ್ತದೆ, ಬೇಸಿಗೆಯಲ್ಲಿ ಬೆಲ್ಲದ ಅಚ್ಚು ಮೆಲ್ಲಗೆ ಕೂರುವ ಹಾಗೆ. ಬಿರುಕು ಬಿಟ್ಟರೂ ಕಾಲ ಕಳೆದಂತೆ ತಾನೇ ಮುಚ್ಚಿಕೊಳ್ಳುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 655 ಮೀಟರ್ ಆಳದ ಉಪ್ಪಿನ ಪದರದಲ್ಲಿ 1999ರಿಂದ ಅಣ್ವಸ್ತ್ರ ಕೆಲಸದ ವಿಕಿರಣದ ಕಸ ಹೂಳುತ್ತಿದ್ದಾರೆ, ಇದೇ ಗುಣ ನಂಬಿಕೊಂಡು. ಗೋಡೆಗಳು ಹರಿದು ಬಂದು ಡ್ರಮ್ಮುಗಳನ್ನು ತಾವೇ ಅಪ್ಪಿಕೊಳ್ಳಲಿ ಅಂತ.

ಈಗಿನ ಗಣಿ ಕೆಲಸ ನಮ್ಮದರ ಹಾಗೇ ಇದೆ, ಒಂದೆರಡು ಕಡೆ ಬೇರೆ. ಮೊದಲು ಫೇಸ್‌ನ, ಅಂದರೆ ಒಡೆಯಬೇಕಾದ ಗೋಡೆಯ, ಬುಡದಲ್ಲಿ ಅಡ್ಡಕ್ಕೆ ಒಂದು ಸೀಳು ಹಾಕುತ್ತಾರೆ. ಮರ ಕೊಯ್ಯುವ ಚೈನ್ ಗರಗಸ ನೋಡಿದ್ದೀರಲ್ಲ, ಅದು ಲಾರಿಯಷ್ಟು ದೊಡ್ಡದಾದರೆ ಹೇಗೋ ಹಾಗೆ. ಬುಡ ಖಾಲಿಯಾದರೆ ಬ್ಲಾಸ್ಟ್ ಮಾಡಿದಾಗ ಮೇಲಿನ ಉಪ್ಪು ಕೆಳಕ್ಕೆ ಕುಸಿಯಲು ಜಾಗ ಸಿಗುತ್ತದೆ, ನೆಲವೂ ಸಪಾಟಾಗುತ್ತದೆ. ಆಮೇಲೆ ರಂಧ್ರ ಕೊರೆದು ಮದ್ದು ತುಂಬುವುದು. ನಮ್ಮಲ್ಲಿ ರಂಧ್ರದಲ್ಲಿ ನೀರಿದ್ದರೆ ಆನ್‌ಫೋ ಅನ್ನುವ ಮದ್ದು ಹಾಕುವ ಹಾಗಿಲ್ಲ, ಒದ್ದೆಯಾದರೆ ಅದು ಕೆಲಸ ಮಾಡುವುದಿಲ್ಲ. ಉಪ್ಪಿನ ಗಣಿಯಲ್ಲಿ ಆ ರಗಳೆಯೇ ಇಲ್ಲ, ಒಣಗಿ ಕೂತಿರುತ್ತದೆ. ಶಿಫ್ಟ್ ಮುಗಿದ ಮೇಲೆ ಬ್ಲಾಸ್ಟ್, ಹೊಗೆ ಹೋದ ಮೇಲೆ ಡ್ರೆಸ್ಸಿಂಗ್. ಡ್ರೆಸ್ಸಿಂಗ್ ಅಂದರೆ ಉದ್ದನೆ ಕಬ್ಬಿಣದ ಬಾರ್‌ನಿಂದ ತಟ್ಟಿ ನೋಡಿ ಸಡಿಲ ಇದ್ದದ್ದನ್ನು ಬೀಳಿಸುವುದು. ಶಬ್ದ ಗಟ್ಟಿಯಾಗಿ ಬಂದರೆ ಸರಿ, ಒಡಕು ಮಡಕೆ ತಟ್ಟಿದ ಹಾಗೆ ಬಂದರೆ ಪಕ್ಕಕ್ಕೆ ಸರಿ. ಈಗ ಎಷ್ಟೇ ಯಂತ್ರ ಬಂದರೂ ಆ ಕಿವಿಗೆ ಸಾಟಿ ಇಲ್ಲ ಅಂತ ನನ್ನ ಅಭಿಪ್ರಾಯ. ಇಂಗ್ಲೆಂಡಿನ ವಿನ್ಸ್‌ಫರ್ಡ್ ಥರದ ಕಡೆ ಮದ್ದೇ ಇಲ್ಲದೆ, ಹಲ್ಲುಗಳಿರುವ ಡ್ರಮ್ ತಿರುಗಿಸಿ ಗೋಡೆಯನ್ನು ತುರಿಮಣೆಯಲ್ಲಿ ಕಾಯಿ ತುರಿದ ಹಾಗೆ ಕೆರೆಯುತ್ತಾರೆ. ಉಪ್ಪು ಮೆತ್ತಗಿರುವುದರಿಂದ ಇದು ನಡೆಯುತ್ತದೆ. ನಮ್ಮ ಕಲ್ಲಿಗೆ ಹಾಗೆ ಮಾಡಿದರೆ ಯಂತ್ರದ ಹಲ್ಲೇ ಉದುರುತ್ತದೆ.

ಇನ್ನು ನೀರು. ತಿಪಟೂರು ಅವರ ಭಯ ಸರಿಯಾಗಿಯೇ ಇದೆ. ಆದರೆ ನೀರು ಬಂತೋ ಇಲ್ಲವೋ ಅಷ್ಟೇ ನೋಡಿದರೆ ಸಾಲದು, ಎಂಥ ನೀರು ಬಂತು ಅಂತ ನೋಡಬೇಕು. ಒಂದು ಲೀಟರ್ ನೀರು ಸುಮಾರು 350 ಗ್ರಾಂ ಉಪ್ಪು ಕುಡಿಯುತ್ತದೆ, ಅಲ್ಲಿಗೆ ಅದರ ಹೊಟ್ಟೆ ತುಂಬಿತು. ಹೊಟ್ಟೆ ತುಂಬಿದ ನೀರು ಕಂಬದ ಪಕ್ಕದಲ್ಲಿ ವರ್ಷಗಟ್ಟಲೆ ನಿಂತರೂ ಕಂಬವನ್ನು ಕರಗಿಸಲಾರದು. ಖೇವ್ರಾದೊಳಗೇ ಅಂಥ ಕೊಳಗಳಿವೆ. ಸೋರುವ ನೀರು ಪೂರ್ತಿ ಉಪ್ಪಾಗಿದ್ದರೆ ಪಂಪ್ ಇಟ್ಟು ಕೆಲಸ ಮುಂದುವರಿಸು, ಸಪ್ಪೆಯಾಗಿದ್ದರೆ ಓಡು. ಸಪ್ಪೆ ನೀರು ಅಂದರೆ ಮೇಲಿನ ಕೆರೆಗೋ ಅಂತರ್ಜಲಕ್ಕೋ ದಾರಿ ಆಗಿಬಿಟ್ಟಿದೆ ಅಂತ ಅರ್ಥ. ಹರಿದಷ್ಟೂ ದಾರಿ ಕರಗಿ ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ಜಾಸ್ತಿ ಹರಿಯುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ರೆಟ್‌ಸಾಫ್ ಅಂತ 1885ರಿಂದ ನಡೆಯುತ್ತಿದ್ದ ದೊಡ್ಡ ಗಣಿ ಇತ್ತು. ಒಂದು ಭಾಗದಲ್ಲಿ ಕಂಬಗಳನ್ನು ಸಣ್ಣ ಮಾಡಿ ನೋಡಿದರು. 1994ರ ಮಾರ್ಚ್‌ನಲ್ಲಿ ಆ ಭಾಗದ ಚಾವಣಿ ಕುಸಿಯಿತು, ಮೇಲಿನ ಅಂತರ್ಜಲ ಇಳಿಯಿತು, ನಿಲ್ಲಿಸಲು ಆಗಲೇ ಇಲ್ಲ. ಎರಡು ವರ್ಷದೊಳಗೆ ಇಡೀ ಗಣಿ ತುಂಬಿತು.

ಸುಮ್ನೆ_ಓದುವವಳು:

ಹಟ್ಟಿ ಅಣ್ಣ, ತುರಿಮಣೆ ಹೋಲಿಕೆ ಸೂಪರ್.

ನಾನು ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿಂದ ಆಸ್ಟ್ರಿಯಾದ ಹಾಲ್‌ಸ್ಟಾಟ್‌ಗೆ ಹೋಗಿದ್ದೆ, ಪೋಲೆಂಡಿನ ವಿಯೆಲಿಚ್ಕಾಗೂ ಹೋಗಿದ್ದೆ. ಹಳೆ ವಿಧಾನದ ಬಗ್ಗೆ ಕೇಳಿದ್ದೀರಲ್ಲ, ನನಗೆ ಹಾಲ್‌ಸ್ಟಾಟ್ ತಲೆಯಿಂದ ಹೋಗುತ್ತಲೇ ಇಲ್ಲ. ಜನ ಅಲ್ಲಿ ಕೆರೆ ಮುಂದೆ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ, ಮೇಲಿನ ಗಣಿ ನೋಡುವುದಿಲ್ಲ. ಒಳಗೆ ಒಂದು ಮರದ ಮೆಟ್ಟಿಲು ಸಿಕ್ಕಿದೆ. 8 ಮೀಟರ್ ಉದ್ದ. ಮರದ ವಯಸ್ಸಿನ ಉಂಗುರ ಎಣಿಸಿ ನೋಡಿದರೆ ಕ್ರಿಸ್ತಪೂರ್ವ 1344ರ ಸುಮಾರಿಗೆ ಕಡಿದ ಮರ! ಮೂರು ಸಾವಿರ ವರ್ಷ ದಾಟಿದ ಮೆಟ್ಟಿಲು ಕೊಳೆತಿಲ್ಲ. ಕಾರಣ ಉಪ್ಪೇ. ಉಪ್ಪಿನಕಾಯಿ ಕೆಡುವುದಿಲ್ಲವಲ್ಲ, ಅದೇ ಲೆಕ್ಕ. ಅವರ ಚರ್ಮದ ಚೀಲ, ಹಗ್ಗ, ಬಟ್ಟೆ ಚೂರು, ಬೆಳಕಿಗೆ ಉರಿಸಿದ ಮರದ ಸೀಳುಗಳು, ಎಲ್ಲ ಹಾಗೇ ಉಳಿದಿವೆ. ಕಂಚಿನ ಮೊನೆಯ ಪಿಕಾಸಿಯಲ್ಲಿ ಚಕ್ಕೆ ಎಬ್ಬಿಸುತ್ತಿದ್ದರು. ಆ ಚೀಲ ಒಂದೇ ಭುಜಕ್ಕೆ ಹಾಕುವಂಥದ್ದು, ಮೇಲೆ ಒಂದು ಕೋಲು, ಕೋಲು ಬಿಟ್ಟರೆ ಚೀಲ ತಾನೇ ಮಗುಚಿ ಉಪ್ಪು ಸುರಿಯುತ್ತದೆ. ಹೆಗಲಿಂದ ಇಳಿಸುವ ಕೆಲಸವೇ ಇಲ್ಲ. ಎಂಥ ತಲೆ ನೋಡಿ. ಮಕ್ಕಳ ಪಾದದ ಅಳತೆಯ ಚರ್ಮದ ಚಪ್ಪಲಿಯೂ ಸಿಕ್ಕಿದೆ. ಅದನ್ನು ನೋಡಿ ಸ್ವಲ್ಪ ಹೊತ್ತು ಮಾತು ಬರಲಿಲ್ಲ ನನಗೆ.

1734ರಲ್ಲಿ ಅಲ್ಲಿ ಉಪ್ಪಿನೊಳಗೆ ಒಬ್ಬ ಮನುಷ್ಯನ ದೇಹವೇ ಸಿಕ್ಕಿತ್ತಂತೆ, ಯಾವುದೋ ಕಾಲದಲ್ಲಿ ಗಣಿ ಕುಸಿದು ಸತ್ತವನು. ಉಪ್ಪು ಹರಿದು ಬಂದು ಮುಚ್ಚಿಕೊಳ್ಳುತ್ತದೆ ಅಂತ ಹಟ್ಟಿ ಅಣ್ಣ ಬರೆದದ್ದು ಓದುವಾಗ ಇವನೇ ನೆನಪಾದ.

ಆಮೇಲಿನ ಕಾಲದವರು ಇನ್ನೂ ಜಾಣರು. ಅಲ್ಲಿಯ ಉಪ್ಪಿನಲ್ಲಿ ಮಣ್ಣು ಜಾಸ್ತಿ. ಒಡೆದು ಹೊರುವ ಬದಲು ಬೆಟ್ಟದೊಳಗೆ ಕೋಣೆ ಮಾಡಿ ಸಿಹಿ ನೀರು ತುಂಬಿಸಿಬಿಟ್ಟರು! ಉಪ್ಪು ಕರಗುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ, ಉಪ್ಪುನೀರು ಮಾತ್ರ ಹೊರಗೆ. ಅಂದರೆ ನೀವು ಹೆದರಿದ್ದನ್ನೇ ಅವರು ಬೇಕೆಂದು ಮಾಡಿದರು ತಿಪಟೂರು ಅವರೇ. ಆ ಉಪ್ಪುನೀರನ್ನು ಕಾಯಿಸಲು ಸೌದೆ ಬೇಕು, ಹತ್ತಿರದ ಕಾಡು ಸಾಲದಾಯಿತು. ಸೌದೆಯನ್ನು ಗಣಿಗೆ ತರುವ ಬದಲು ನೀರನ್ನೇ ಕಾಡಿರುವ ಕಡೆಗೆ ಹರಿಸಿದರು. 1595ರಿಂದ 1607ರವರೆಗೆ ಕೆಲಸ ಮಾಡಿ 40 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು. ಕಬ್ಬಿಣದ್ದಲ್ಲ. ಸುಮಾರು 13,000 ಮರದ ದಿಮ್ಮಿಗಳ ತಿರುಳು ಕೊರೆದು ಜೋಡಿಸಿದ್ದು.

ವಿಯೆಲಿಚ್ಕಾ ಬೇರೆ ಥರ. ಅಲ್ಲಿ 13ನೇ ಶತಮಾನದಿಂದ ಒಡೆದೇ ತೆಗೆದದ್ದು, 327 ಮೀಟರ್ ಆಳದವರೆಗೆ ಒಂಬತ್ತು ಅಂತಸ್ತು. ದೊಡ್ಡ ತುಂಡುಗಳನ್ನು ಪೀಪಾಯಿ ಆಕಾರಕ್ಕೆ ಕೆತ್ತಿ ಉರುಳಿಸಿಕೊಂಡು ಬರುತ್ತಿದ್ದರು. ಮೇಲೆತ್ತಲು ಕುದುರೆಗಳು, ಥೇಟ್ ನಮ್ಮ ಗಾಣದ ಎತ್ತಿನ ಹಾಗೆ ಕಂಬದ ಸುತ್ತ ತಿರುಗಿ ಹಗ್ಗ ಸುತ್ತುವುದು. ಒಳಗೇ ಲಾಯ ಇತ್ತು. ಕೊನೆಯ ಕುದುರೆ ಹೊರಗೆ ಬಂದದ್ದು 2002ರಲ್ಲಿ ಅಂದರೆ ನಂಬುತ್ತೀರಾ? ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಮೀಥೇನ್ ಸುಡುವವರ ಕಥೆ. ಆ ಅನಿಲ ಹಗುರ, ಚಾವಣಿಗೆ ಅಂಟಿಕೊಂಡು ನಿಲ್ಲುತ್ತದೆ. ಒಬ್ಬ ಒದ್ದೆ ಬಟ್ಟೆ ಸುತ್ತಿಕೊಂಡು, ನೆಲದ ಮೇಲೆ ತೆವಳುತ್ತಾ, ಉದ್ದ ಕೋಲಿನ ತುದಿಗೆ ಪಂಜು ಕಟ್ಟಿ ಮೇಲೆ ಹಿಡಿಯುತ್ತಾ ಹೋಗುವುದು. ಸ್ವಲ್ಪ ಇದ್ದರೆ ಉರಿದು ಹೋಗುತ್ತದೆ. ಜಾಸ್ತಿ ಇದ್ದರೆ ಅವನ ಗತಿ ದೇವರಿಗೇ ಗೊತ್ತು.

ಚಾವಣಿಗೆ ಆಸರೆ ಮರದ ದಿಮ್ಮಿಗಳ ಅಟ್ಟಣೆ, ದಪ್ಪ ದಪ್ಪ, ಬೆಳಕು ಕಾಣಲಿ ಅಂತ ಸುಣ್ಣ ಬಳಿದದ್ದು. ಈಗ ಅಲ್ಲಿ ಒಡೆಯುವುದಿಲ್ಲ. 1992ರಲ್ಲಿ ಒಂದು ಸುರಂಗಕ್ಕೆ ನೀರು ನುಗ್ಗಿ ದೊಡ್ಡ ಆತಂಕ ಆಗಿತ್ತು, ಉಪ್ಪಿನ ಬೆಲೆಯೂ ಬಿದ್ದಿತ್ತು, 1996ರಲ್ಲಿ ನಿಲ್ಲಿಸಿದರು. ಆದರೆ ಒಳಗೆ ಸೋರುವ ಉಪ್ಪುನೀರನ್ನು ಪಂಪ್ ಮಾಡಿ ಕಾಯಿಸಿ ಉಪ್ಪು ಮಾಡಿ ಮಾರುತ್ತಲೇ ಇದ್ದಾರೆ. ಹೇಗೂ ಹೊರಗೆ ಹಾಕಲೇಬೇಕಾದ ನೀರು ತಾನೇ.

ಬೋರ್_ಬಸಣ್ಣ:

ಓದುವವಳು ಮೇಡಂ ನೀರಿನ ವಿಷಯ ತೆಗೆದದ್ದಕ್ಕೆ ಬಂದೆ. ನಾನು ಕೋಲಾರ ಕಡೆ ಬೋರ್‌ವೆಲ್ ರಿಗ್ ಇಟ್ಟುಕೊಂಡವನು. 1,200 ಅಡಿ ಹೋದರೂ ಧೂಳೇ ಬಂದದ್ದು ನೋಡಿದ್ದೇನೆ. ಈಗ ಕೇಳಿ. ಚೀನಾದ ಸಿಚುವಾನ್‌ನಲ್ಲಿ ಜಿಗಾಂಗ್ ಅಂತ ಊರು. ಅಲ್ಲಿ ಉಪ್ಪುನೀರಿಗಾಗಿ ಕೊರೆದ ಶೆನ್‌ಹಾಯ್ ಬಾವಿ 1835ರಲ್ಲಿ 1,001 ಮೀಟರ್ ಮುಟ್ಟಿತು. ಅಡಿ ಲೆಕ್ಕದಲ್ಲಿ 3,280ಕ್ಕೂ ಮೇಲೆ! ಡೀಸೆಲ್ ಇಲ್ಲ, ಕಂಪ್ರೆಸರ್ ಇಲ್ಲ. ಬಿದಿರಿನ ಹಗ್ಗದ ತುದಿಗೆ ಭಾರದ ಕಬ್ಬಿಣದ ಮೊನೆ ಕಟ್ಟಿ, ಹಲಗೆಯ ಒಂದು ಕೊನೆಗೆ ಜನ ಹಾರಿ ಹಾರಿ ಅದನ್ನು ಎತ್ತಿ ಬಿಡುವುದು. ನಮ್ಮ ಏತದ ಹಾಗೆ, ಆದರೆ ಕುಟ್ಟುವ ಕೆಲಸಕ್ಕೆ. ವರ್ಷಗಟ್ಟಲೆ. ನೀರು ಎತ್ತಲು ಉದ್ದನೆ ಬಿದಿರಿನ ಕೊಳವೆ, ತಳದಲ್ಲಿ ಚರ್ಮದ ಮುಚ್ಚಳ, ಇಳಿಯುವಾಗ ತೆರೆಯುತ್ತದೆ, ಮೇಲೆ ಬರುವಾಗ ಮುಚ್ಚಿಕೊಳ್ಳುತ್ತದೆ. ಅದನ್ನು ಎಳೆಯಲು ಕೋಣಗಳು. ಅದೇ ಬಾವಿಯಿಂದ ಗ್ಯಾಸೂ ಬರುತ್ತಿತ್ತು, ಅದನ್ನೇ ಬಿದಿರಿನ ಪೈಪಿನಲ್ಲಿ ಒಲೆಗೆ ಬಿಟ್ಟು ಉಪ್ಪುನೀರು ಕಾಯಿಸುತ್ತಿದ್ದರು. ಕುದಿಯುವಾಗ ಸೋಯಾ ಹಾಲು ಸುರಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಮನೆಯಲ್ಲಿ ಸಕ್ಕರೆ ಪಾಕಕ್ಕೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆಯುತ್ತೇವಲ್ಲ, ಅದೇ ಕೈಚಳಕ.

ಈಗ ಇದೇ ದೊಡ್ಡ ಪ್ರಮಾಣದಲ್ಲಿ ಎಲ್ಲ ಕಡೆ ನಡೆಯುತ್ತದೆ. ಒಂದು ಬೋರ್, ಅದರೊಳಗೆ ಪೈಪಿನೊಳಗೊಂದು ಪೈಪು. ಒಂದರಲ್ಲಿ ಸಿಹಿ ನೀರು ಕೆಳಗೆ, ಇನ್ನೊಂದರಲ್ಲಿ ಉಪ್ಪುನೀರು ಮೇಲೆ. ಮನುಷ್ಯ ಇಳಿಯುವ ಹಾಗೇ ಇಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ನೀರು ತನ್ನಷ್ಟಕ್ಕೆ ಬಿಟ್ಟರೆ ಮೇಲಕ್ಕೇ ಕರಗಿಸಿಕೊಂಡು ಹೋಗುತ್ತದೆ, ಚಾವಣಿ ತೆಳುವಾಗುತ್ತದೆ. ಅದಕ್ಕೆ ಮೇಲುಗಡೆ ಎಣ್ಣೆಯನ್ನೋ ನೈಟ್ರೋಜನ್ ಅನಿಲವನ್ನೋ ಒಂದು ಪದರ ನಿಲ್ಲಿಸುತ್ತಾರೆ. ನೀರು ಚಾವಣಿ ಮುಟ್ಟುವುದಿಲ್ಲ, ಅಕ್ಕಪಕ್ಕ ಅಗಲವಾಗುತ್ತದೆ. ಹೀಗೆ ಬೇಕಾದ ಆಕಾರದ ಗವಿ ಮಾಡಬಹುದು. ಊಟದ ಮೇಜಿನ ನುಣ್ಣನೆ ಉಪ್ಪು ಆ ದೇಶಗಳಲ್ಲಿ ಹೆಚ್ಚಾಗಿ ಇದೇ ದಾರಿಯಲ್ಲಿ ಬರುತ್ತದೆ.

ತಿಪಟೂರು_ತೆಂಗು:

ಅಬ್ಬಾ, ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಬಸಣ್ಣ, ಆ ಗವಿಗಳಲ್ಲಿ ಕಚ್ಚಾತೈಲ ತುಂಬಿಡುತ್ತಾರಂತೆ ಹೌದಾ? ಮಂಗಳೂರು ಮತ್ತು ಪಾದೂರಿನಲ್ಲಿ ಇರುವುದೂ ಇಂಥ ಉಪ್ಪಿನ ಗವಿಯೇ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಹಟ್ಟಿ_ಕೇಜ್:

ವಾಟ್ಸಾಪ್ ಬಿಡ್ರಿ. ಮಂಗಳೂರಿನ 15 ಲಕ್ಷ ಟನ್ನಿನದು, ಪಾದೂರಿನ 25 ಲಕ್ಷ ಟನ್ನಿನದು, ಎರಡೂ ಗಟ್ಟಿ ಕಲ್ಲು ಒಡೆದು ಮಾಡಿದ ಗವಿಗಳು. ನಮ್ಮ ಕರಾವಳಿ ಕೆಳಗೆ ಉಪ್ಪಿನ ಪದರ ಎಲ್ಲಿದೆ? ಕೆಲಸದ ರೀತಿಯೂ ಉಲ್ಟಾ. ಅಲ್ಲಿ ಗವಿಯ ಸುತ್ತ ಕಲ್ಲಿನಲ್ಲಿ ಬೇಕೆಂದೇ ನೀರಿನ ಒತ್ತಡ ಇಟ್ಟಿರುತ್ತಾರೆ, ಎಣ್ಣೆ ಹೊರಗೆ ಸೋರದ ಹಾಗೆ ನೀರೇ ಬೇಲಿ. ಉಪ್ಪಿನ ಗವಿಗೆ ಆ ಬೇಲಿ ಬೇಕಿಲ್ಲ, ಉಪ್ಪೇ ಬಿಗಿ, ಎಣ್ಣೆಯಲ್ಲಿ ಕರಗುವುದೂ ಇಲ್ಲ. ಅಮೆರಿಕ ತನ್ನ ತುರ್ತು ಕಚ್ಚಾತೈಲ ಇಟ್ಟಿರುವುದು ಟೆಕ್ಸಾಸ್ ಮತ್ತು ಲೂಸಿಯಾನಾದ ಅಂಥ ಗವಿಗಳಲ್ಲಿ. ನಮ್ಮಲ್ಲಿ ಮಾಡುವುದಾದರೆ ರಾಜಸ್ಥಾನದ ಬಿಕಾನೇರ್ ಕಡೆ ಮಾಡಬಹುದು, ಅಲ್ಲಿ ನೆಲದಡಿ ದಪ್ಪ ಉಪ್ಪಿದೆ.

ಲೂಸಿಯಾನಾ ಅಂದಾಗ ಪೆನ್ಯೂರ್ ಕೆರೆ ಹೇಳದೆ ಇರಲಾರೆ. 1980ರ ನವೆಂಬರ್ 20. ಕೆರೆ ಕೆಳಗೆ ಉಪ್ಪಿನ ಗಣಿ, ಕೆರೆ ಮೇಲೆ ಎಣ್ಣೆ ಹುಡುಕುವ ರಿಗ್. ರಿಗ್‌ನವರು ಕೊರೆದದ್ದು ಹೋಗಿ ಗಣಿಗೇ ತಾಗಿತು. ಕೆರೆಗೆ ಕೆರೆಯೇ ಸ್ನಾನದ ತೊಟ್ಟಿಯ ಬಿರಡೆ ಕಿತ್ತ ಹಾಗೆ ಇಳಿಯಿತು, ರಿಗ್ಗು, ದೋಣಿ, ದಡದ ಮರ ಎಲ್ಲ ಒಳಗೆ. ಸಮುದ್ರಕ್ಕೆ ಹೋಗುತ್ತಿದ್ದ ಕಾಲುವೆ ಹಿಂದಕ್ಕೆ ಹರಿಯಿತು. ಆಶ್ಚರ್ಯ ಅಂದರೆ ಕೆಳಗಿದ್ದ 55 ಜನರೂ ಬದುಕಿ ಬಂದರು. ಸಪ್ಪೆ ನೀರು ಕಂಡರೆ ಓಡು ಅಂದೆನಲ್ಲ, ಅವರು ಓಡಿದರು.

ಒಂಟಾರಿಯೊ_ರವೆಇಡ್ಲಿ:

ತಡವಾಗಿ ಬಂದೆ. ಕೆನಡಾದಲ್ಲಿ ಗಾಡ್ರಿಚ್ ಅಂತ ಊರಿದೆ, ಜಗತ್ತಿನ ಅತಿ ದೊಡ್ಡ ನೆಲದಡಿ ಉಪ್ಪಿನ ಗಣಿ ಅಲ್ಲಿಯದು. ಹ್ಯೂರನ್ ಸರೋವರದ ಕೆಳಗೆ ಸುಮಾರು 550 ಮೀಟರ್ ಆಳದಲ್ಲಿ. ಸಮುದ್ರದಂಥ ಸಿಹಿನೀರಿನ ಸರೋವರ ತಲೆ ಮೇಲೆ! ನಡುವೆ ನೀರು ಬಿಡದ ಕಲ್ಲಿನ ಪದರಗಳಿವೆ, ಅಷ್ಟೇ ಧೈರ್ಯ.

ಇಷ್ಟೆಲ್ಲ ಮಾಡಿ ತೆಗೆದ ಆ ಉಪ್ಪು ಎಲ್ಲಿ ಹೋಗುತ್ತದೆ ಗೊತ್ತಾ? ರಸ್ತೆಗೆ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಲಾರಿಗಟ್ಟಲೆ ಸುರಿಯುತ್ತಾರೆ. ನನ್ನ ಹಳೇ ಕಾರಿನ ತಳ ತುಕ್ಕು ತಿಂದು ಜರಡಿಯಾದದ್ದು ಆ ಉಪ್ಪಿನಿಂದಲೇ. ಇಲ್ಲಿ ಗಣಿ ಉಪ್ಪು ಅಂದರೆ ಯಾರೂ ಏಕಾದಶಿ ನೆನೆಯುವುದಿಲ್ಲ.

ತುಕ್ಕು ಅಂದಾಗ ಇನ್ನೊಂದು. ಗಣಿಯೊಳಗೆ ಯಂತ್ರಗಳು ತುಕ್ಕು ಹಿಡಿದು ಹೋಗಬೇಕಲ್ವಾ ಅಂತ ಅನ್ನಿಸುತ್ತದೆ. ಅಷ್ಟು ಹಿಡಿಯುವುದಿಲ್ಲವಂತೆ, ಕೆಳಗಿನ ಗಾಳಿ ಒಣ. ಗಾಳಿಯಲ್ಲಿ ತೇವ 75 ಪರ್ಸೆಂಟ್ ದಾಟಿದರೆ ಮಾತ್ರ ಉಪ್ಪು ನೀರು ಎಳೆದುಕೊಳ್ಳುತ್ತದೆ. ಕುಮಟಾದವರ ಮನೆಯಲ್ಲಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದು ಅದಕ್ಕೇ. ಯಂತ್ರವನ್ನು ಮೇಲೆ ತಂದರೆ ಶುರು ತುಕ್ಕಿನ ಹಬ್ಬ. ಹೇಗೂ ತರುವುದು ಕಷ್ಟ. ಡೆಟ್ರಾಯಿಟ್ ಊರಿನ ಕೆಳಗಿನ ಗಣಿಯಲ್ಲಿ ಲಾರಿಗಳನ್ನು ತುಂಡು ತುಂಡು ಮಾಡಿ ಶಾಫ್ಟ್‌ನಲ್ಲಿ ಇಳಿಸಿ ಕೆಳಗೆ ಜೋಡಿಸುತ್ತಿದ್ದರು. ಹಾಗೆ ಇಳಿದದ್ದು ಬಹುತೇಕ ಅಲ್ಲೇ ಹಳತಾಗುತ್ತದೆ.

ಕುಮಟಾ_ಗಾಳಿ:

ನಮ್ಮ ಉಪ್ಪಿನ ಡಬ್ಬಿ ವಿಷಯ ಇವರಿಗೆ ಯಾರು ಹೇಳಿದರು! ಅಮ್ಮ ಅದಕ್ಕೆ ಅಕ್ಕಿ ಕಾಳು ಹಾಕಿಡುತ್ತಾಳೆ.

ತಿಪಟೂರು ಅವರೇ, ಪ್ಯಾಕೆಟ್ ಮೇಲೆ 84 ಖನಿಜ ಅಂತ ಬರೆದಿದ್ದರೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಹೆಚ್ಚುಕಡಿಮೆ ಎಲ್ಲ ಅದೇ ಉಪ್ಪು, ಬಣ್ಣ ಕಬ್ಬಿಣದ್ದು. ಅದಕ್ಕೆ ಅಯೋಡಿನ್ ಹಾಕಿರುವುದಿಲ್ಲ, ಏಕಾದಶಿಗೆ ಇರಲಿ, ದಿನಾ ಅದನ್ನೇ ಬಳಸಬೇಡಿ.

ಓದುವವಳು ಮೇಡಂ, ಒಂದು ಅನುಮಾನ. ವಿಯೆಲಿಚ್ಕಾದಲ್ಲಿ ಗೋಡೆ ನೆಕ್ಕಿ ನೋಡಿದಿರಾ?

ಸುಮ್ನೆ_ಓದುವವಳು:

ಗೈಡೇ ನೆಕ್ಕಿ ನೋಡಿ ಅಂದರು. 101 ಮೀಟರ್ ಕೆಳಗಿನ ಚಾಪೆಲ್‌ಗೆ ಹೋಗುವ ದಾರಿಯಲ್ಲಿ ಒಂದು ಮೂಲೆ ನೋಡಿ ನೆಕ್ಕಿದೆ. ಉಪ್ಪು. ಆಮೇಲೆ ಹಿಂದೆ ನಿಂತಿದ್ದ ಅಜ್ಜಿಯೂ ಅದೇ ಜಾಗ ನೆಕ್ಕಿದ್ದು ನೋಡಿ, ನನಗಿಂತ ಮುಂಚೆ ಅಲ್ಲಿ ಎಷ್ಟು ಜನ ನೆಕ್ಕಿರಬಹುದು ಅಂತ ಹೊಳೆಯಿತು. ಮೇಲೆ ಬಂದ ತಕ್ಷಣ ಬಾಯಿ ಮುಕ್ಕಳಿಸಿದೆ.